ಕಾವು ಕಾಯ್ದವನು: ಕಾರ್ನೆಲಿಸ್ ಡ್ರೆಬೆಲ್

ನಮ್ಮ ಬಾಡಿಗೆ ಮನೆಯ ಹಜಾರದ ಗೋಡೆ ಮೇಲೆ ಒಂದು ಥರ್ಮೋಸ್ಟಾಟ್ ಇದೆ. ಮನೆಯಲ್ಲಿ ನಾಲ್ಕು ಜನ. ಒಬ್ಬರು ಚಳಿ ತಡೆಯಲಾರದೆ 22ಕ್ಕೆ ಏರಿಸಿ ಮಲಗಿದರೆ, ಇನ್ನೊಬ್ಬರು ಗ್ಯಾಸ್ ಬಿಲ್ ನೆನಪಾಗಿ ಮಧ್ಯರಾತ್ರಿ ಎದ್ದು 17ಕ್ಕೆ ಇಳಿಸುತ್ತಾರೆ. ಇಂಗ್ಲೆಂಡಿಗೆ ಓದಲು ಬಂದ ಯಾರಿಗೂ ಈ ಜಗಳ ಹೊಸದಲ್ಲ ಬಿಡಿ. ಆದರೆ ಆ ಡಬ್ಬಿಯ ಮೂಲಪುರುಷ ಯಾರು ಅಂತ ನಾವು ಹುಡುಕಲು ಹೊರಟಿದ್ದು ಚಳಿಯಿಂದಲ್ಲ, ಹಾಳಾದ ಒಂದು ತುಂಡು ಬಟ್ಟೆಯಿಂದ.

ಈ ಲೇಖನ ಬರೆಯುತ್ತಿರುವ ನಾವಿಬ್ಬರಲ್ಲಿ ಒಬ್ಬರು ಬಟ್ಟೆಗೆ ಬಣ್ಣ ಹಾಕುವ ತಂತ್ರಜ್ಞಾನ ಓದುತ್ತಿದ್ದೇವೆ, ಇನ್ನೊಬ್ಬರು ಕಂಟ್ರೋಲ್ ಎಂಜಿನಿಯರಿಂಗ್. ಕಳೆದ ಚಳಿಗಾಲದಲ್ಲಿ ಲ್ಯಾಬಿನ ಡೈಯಿಂಗ್ ಯಂತ್ರದಲ್ಲಿ ಪಾಲಿಯೆಸ್ಟರ್ ಬಟ್ಟೆಗೆ ಕೆಂಪು ಹಾಕಬೇಕಿತ್ತು. ಪಾಲಿಯೆಸ್ಟರ್ ಮೊಂಡು ನಾರು, ಕುದಿಯುವ ನೀರಿಗೂ ಸುಲಭಕ್ಕೆ ಜಗ್ಗುವುದಿಲ್ಲ. ಯಂತ್ರವನ್ನು ಬಿಗಿಯಾಗಿ ಮುಚ್ಚಿ, ಒತ್ತಡದಲ್ಲಿ 130 ಡಿಗ್ರಿವರೆಗೆ ಕಾಯಿಸಿದರೆ ಮಾತ್ರ ನಾರು ಸಡಿಲಗೊಂಡು ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅಲ್ಲಿಗೆ ತಲುಪುವ ದಾರಿ ಮಾತ್ರ ನಿಧಾನದ್ದು. ನಿಮಿಷಕ್ಕೆ ಒಂದೋ ಎರಡೋ ಡಿಗ್ರಿ, ಅಷ್ಟೆ. ಅವಸರ ಮಾಡಿದರೆ ಮೊದಲು ಬಿಸಿಯಾದ ಜಾಗಕ್ಕೆ ಬಣ್ಣ ನುಗ್ಗಿಬಿಡುತ್ತದೆ, ಉಳಿದ ಜಾಗ ಬಡವಾಗುತ್ತದೆ. ನಾವು ಬಸ್ಸಿಗೆ ಹೊತ್ತಾಯಿತು ಅಂತ ನಿಮಿಷಕ್ಕೆ 4 ಡಿಗ್ರಿ ಇಟ್ಟೆವು. ಮುಚ್ಚಳ ತೆಗೆದಾಗ ಕಂಡಿದ್ದು ಮಚ್ಚೆ ಮಚ್ಚೆಯ ಕೆಂಪು. ತಪ್ಪು ಪೂರ್ತಿ ನಮ್ಮದೇ. ಕಾರ್ಖಾನೆಯಲ್ಲಾಗಿದ್ದರೆ ನೂರಾರು ಕಿಲೋ ಬಟ್ಟೆಯ ಬಣ್ಣ ಕಿತ್ತು ಮತ್ತೆ ಹಾಕಬೇಕಿತ್ತು.

ಆ ವಾರವೇ ಓದುವಾಗ ಒಬ್ಬ ಮನುಷ್ಯ ಸಿಕ್ಕ. ಕಡುಗೆಂಪು ಬಣ್ಣವನ್ನೂ ತನ್ನ ಕಾವನ್ನು ತಾನೇ ಕಾಯ್ದುಕೊಳ್ಳುವ ಒಲೆಯನ್ನೂ ಲೋಕಕ್ಕೆ ಕೊಟ್ಟವನು ಒಬ್ಬನೇ! ಹೆಸರು ಕಾರ್ನೆಲಿಸ್ ಡ್ರೆಬೆಲ್.

ಡ್ರೆಬೆಲ್ ಹುಟ್ಟಿದ್ದು 1572ರಲ್ಲಿ, ಹಾಲೆಂಡಿನ ಅಲ್ಕ್ಮಾರ್ ಊರಿನಲ್ಲಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ. ಹಾರ್ಲೆಮ್‌ನಲ್ಲಿ ಹೆಂಡ್ರಿಕ್ ಗೋಲ್ಟ್ಸಿಯಸ್ ಎಂಬ ಪ್ರಸಿದ್ಧ ಚಿತ್ರಕಾರನ ಹತ್ತಿರ ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುವ ಕೆಲಸ ಕಲಿತ. ಗೋಲ್ಟ್ಸಿಯಸ್‌ಗೆ ರಸವಿದ್ಯೆಯ ಹುಚ್ಚೂ ಇತ್ತು, ಅದು ಶಿಷ್ಯನಿಗೂ ಅಂಟಿತು. 1595ರಲ್ಲಿ ಗುರುವಿನ ತಂಗಿ ಸೋಫಿಯಾಳನ್ನೇ ಮದುವೆಯಾದ. ಆಮೇಲೆ ನೀರೆತ್ತುವ ಯಂತ್ರ, ಕೀಲಿ ಕೊಡದೆ ಓಡುವ ಗಡಿಯಾರ, ಮಿಡಲ್‌ಬರ್ಗ್ ಊರಿಗೊಂದು ಕಾರಂಜಿ, ಹೀಗೆ ಒಂದಾದ ಮೇಲೊಂದು ಸಾಹಸ. ದುಡ್ಡು ಮಾತ್ರ ಕೈಯಲ್ಲಿ ನಿಲ್ಲಲಿಲ್ಲ.

1604ರ ಸುಮಾರಿಗೆ ಆತ ಸಮುದ್ರ ದಾಟಿ ಇಂಗ್ಲೆಂಡಿಗೆ ಬಂದ. ದೊರೆ ಒಂದನೇ ಜೇಮ್ಸ್‌ಗೆ ವಿಚಿತ್ರ ಯಂತ್ರಗಳೆಂದರೆ ಆಸೆ. ಲಂಡನ್ನಿನ ಆಗ್ನೇಯಕ್ಕಿರುವ ಎಲ್ಟಮ್ ಅರಮನೆಯಲ್ಲಿ ಡ್ರೆಬೆಲ್‌ಗೆ ಜಾಗ ಸಿಕ್ಕಿತು. ಅಲ್ಲಿ ಆತ ಸದಾ ಚಲಿಸುವ ಯಂತ್ರವೊಂದನ್ನು ನಿಲ್ಲಿಸಿದ. ಗಾಜಿನ ಕೊಳವೆಯೊಳಗೆ ನೀರು ಸಮುದ್ರದ ಭರತ ಇಳಿತದಂತೆ ಏರುವುದು, ಇಳಿಯುವುದು. ನೋಡಲು ಜನವೋ ಜನ. ನಿಜಕ್ಕೂ ಅದನ್ನು ಆಡಿಸುತ್ತಿದ್ದುದು ಗಾಳಿಯ ಒತ್ತಡ ಮತ್ತು ಉಷ್ಣತೆಯ ಏರಿಳಿತ. ಆತನಿಗೆ ಸ್ವಲ್ಪ ಜಾದೂಗಾರನ ಸ್ವಭಾವವಿತ್ತು, ಗುಟ್ಟು ಬಿಟ್ಟುಕೊಡುತ್ತಿರಲಿಲ್ಲ. ಆದರೆ ಬಿಸಿಗೆ ಹಿಗ್ಗುವ, ತಂಪಿಗೆ ಕುಗ್ಗುವ ವಸ್ತುವಿನಿಂದ ಕೆಲಸ ಮಾಡಿಸಬಹುದು ಎಂಬುದು ಆ ಆಟಿಕೆಯಲ್ಲೇ ಆತನ ಕೈಗೆ ಪಳಗಿತ್ತು ಅನ್ನುವುದು ನಮ್ಮ ಅನಿಸಿಕೆ.

1610ರಲ್ಲಿ ಚಕ್ರವರ್ತಿ ಎರಡನೇ ರುಡಾಲ್ಫ್ ಕರೆದನೆಂದು ಪ್ರಾಗ್‌ಗೆ ಹೋದ. ಮಾರನೇ ವರ್ಷವೇ ರುಡಾಲ್ಫ್ ಅಧಿಕಾರ ಕಳೆದುಕೊಂಡ, ಆಶ್ರಯದಾತನ ಜೊತೆ ಆಶ್ರಿತನ ಗ್ರಹಚಾರವೂ ಕೆಟ್ಟಿತು. ಡ್ರೆಬೆಲ್ ಸೆರೆಮನೆಯನ್ನೂ ನೋಡಿ, 1613ರ ಹೊತ್ತಿಗೆ ಲಂಡನ್ನಿಗೆ ವಾಪಸ್ಸು ಬಂದ. ಅಷ್ಟರಲ್ಲಿ ಇಲ್ಲಿ ಆತನ ಮೇಲೆ ಅಭಿಮಾನವಿದ್ದ ಯುವರಾಜ ಹೆನ್ರಿ ತೀರಿಕೊಂಡಿದ್ದ. ಪರದೇಶದಲ್ಲಿ ಇನ್ನೊಬ್ಬರ ಸಹಿಯ ಮೇಲೆ ಬದುಕು ನಿಂತಿರುವುದು ಏನು ಅಂತ ವೀಸಾ ಪತ್ರ ಕಾಯುತ್ತಾ ಕೂತ ನಮಗೆ ಬೇರೆ ಹೇಳಬೇಕಿಲ್ಲ.

ಆತನ ಜಲಾಂತರ್ಗಾಮಿ ದೋಣಿಯ ಕಥೆ ಬಹಳ ಜನಕ್ಕೆ ಗೊತ್ತು. ಸುಮಾರು 1620ರಿಂದ 1624ರೊಳಗೆ, ಮರದ ಚೌಕಟ್ಟಿಗೆ ಎಣ್ಣೆ ಸವರಿದ ಚರ್ಮ ಹೊದಿಸಿ, ಹುಟ್ಟು ಹಾಕುತ್ತಾ ಥೇಮ್ಸ್ ನದಿಯೊಳಗೆ ಹೋಗಿ ತೋರಿಸಿದ. ನಮಗೆ ಬೇಕಾದ್ದು ದೋಣಿಯಲ್ಲ, ಒಲೆ ಮತ್ತು ಬಣ್ಣ.

ಮೊದಲು ಬಣ್ಣ. ಅಮೆರಿಕದಿಂದ ಸ್ಪೇನಿನ ಹಡಗುಗಳಲ್ಲಿ ಬರುತ್ತಿದ್ದ ಕೊಚಿನೀಲ್ ಎಂಬ ಒಣಗಿದ ಪುಟ್ಟ ಕೀಟದಿಂದ ಕೆಂಪು ತೆಗೆಯುತ್ತಿದ್ದರು. ಪಟಿಕದ ಜೊತೆ ಹಾಕಿದರೆ ಉಣ್ಣೆಗೆ ನೀಲಿ ಛಾಯೆಯ, ಸ್ವಲ್ಪ ಗಂಭೀರವಾದ ಕೆಂಪು ಬರುತ್ತಿತ್ತು. ಡ್ರೆಬೆಲ್ ಉಷ್ಣಮಾಪಕದ ಕೊಳವೆಗೆಂದು ಕೊಚಿನೀಲ್ ಕುದಿಸಿದ ಕೆಂಪು ನೀರನ್ನು ಕಿಟಕಿಯ ಹತ್ತಿರ ಇಟ್ಟಿದ್ದನಂತೆ. ಪಕ್ಕದಲ್ಲಿದ್ದ ಬಲವಾದ ಆಮ್ಲದ ಸೀಸೆ ಒಡೆದು, ಆಮ್ಲ ಕಿಟಕಿಯ ತವರವನ್ನು ಕರಗಿಸಿಕೊಂಡು ಆ ನೀರಿಗೆ ತೊಟ್ಟಿಕ್ಕಿತಂತೆ. ನೋಡುತ್ತಿದ್ದಂತೆ ನೀರು ಬೆಂಕಿಯಂಥ ಕಡುಗೆಂಪಾಯಿತಂತೆ. ಈ ಕಥೆಗೆ ಎಷ್ಟು ಉಪ್ಪುಖಾರ ಹಚ್ಚಿದ್ದಾರೋ! ರಸಾಯನಶಾಸ್ತ್ರ ಮಾತ್ರ ಗಟ್ಟಿ. ಕರಗಿದ ತವರ ಬಣ್ಣವನ್ನೂ ಉಣ್ಣೆಯ ಎಳೆಯನ್ನೂ ಬೆಸೆಯುತ್ತದೆ, ಛಾಯೆಯನ್ನೂ ಬೆಳಗಿಸುತ್ತದೆ. ಯೂರೋಪಿನ ಉಣ್ಣೆಬಟ್ಟೆ ಅಂಥ ಹೊಳೆಯುವ ಕೆಂಪನ್ನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಇನ್ನು ಒಲೆ. ರಸವಿದ್ಯೆಯ ಪಾತ್ರೆಗಳಿಗೆ ದಿನಗಟ್ಟಲೆ ಒಂದೇ ಹದದ ಕಾವು ಬೇಕು. ಕೋಳಿಮೊಟ್ಟೆಗೆ ಮೂರು ವಾರ ಬೇಕು. ಸೌದೆ ಇದ್ದಿಲು ಹಾಕುವ ಆಳು ತೂಕಡಿಸಿದರೆ ಮುಗಿಯಿತು. ಡ್ರೆಬೆಲ್ ಮಾಡಿದ್ದು ಇಷ್ಟು: ಒಳಪೆಟ್ಟಿಗೆಯ ಸುತ್ತ ನೀರು ತುಂಬಿ, ಆ ಬಿಸಿ ತಾಗುವಲ್ಲಿ ಆಲ್ಕೋಹಾಲ್ ತುಂಬಿದ ಗಾಜಿನ ಕೊಳವೆ ಇಟ್ಟ. ಕೊಳವೆಯ ಇನ್ನೊಂದು ತುದಿಯಲ್ಲಿ ಪಾದರಸ, ಅದರ ಮೇಲೆ ತೇಲುವ ಕಡ್ಡಿ, ಕಡ್ಡಿಯಿಂದ ಸನ್ನೆಗೋಲು, ಸನ್ನೆಗೋಲಿನಿಂದ ಹೊಗೆಕಿಂಡಿಯ ಮುಚ್ಚಳ. ಬಿಸಿ ಹೆಚ್ಚಾದರೆ ಆಲ್ಕೋಹಾಲ್ ಹಿಗ್ಗಿ ಪಾದರಸವನ್ನು ಮೇಲಕ್ಕೆ ದೂಡುತ್ತದೆ, ಮುಚ್ಚಳ ಇಳಿಯುತ್ತದೆ, ಗಾಳಿಯ ಎಳೆತ ತಗ್ಗಿ ಬೆಂಕಿ ಕುಗ್ಗುತ್ತದೆ. ತಣ್ಣಗಾದರೆ ಮುಚ್ಚಳ ತೆರೆದು ಬೆಂಕಿ ಮತ್ತೆ ಏಳುತ್ತದೆ. ಎಷ್ಟು ಕಾವು ಬೇಕು ಅನ್ನುವುದಕ್ಕೆ ಒಂದು ತಿರುಪು. ಆಳು ಹಾಯಾಗಿ ನಿದ್ದೆ ಮಾಡಬಹುದು!

ಅಡುಗೆಮನೆಯಲ್ಲಿ ಹಾಲು ಉಕ್ಕಿ ಬರುವಾಗ ಅಮ್ಮ ಉರಿ ತಗ್ಗಿಸುವುದೂ ಇದೇ ಕೆಲಸ. ನೋಡುವ ಕಣ್ಣು, ತಗ್ಗಿಸುವ ಕೈ, ನಡುವೆ ತೀರ್ಮಾನಿಸುವ ತಲೆ. ಡ್ರೆಬೆಲ್ ಮೂರನ್ನೂ ಪಾದರಸ ಕಡ್ಡಿಗಳಿಗೆ ಒಪ್ಪಿಸಿದ. ನಮ್ಮ ಕಂಟ್ರೋಲ್ ಪಾಠಗಳು 1788ರ ಜೇಮ್ಸ್ ವಾಟ್‌ನ ಗವರ್ನರಿನಿಂದ ಶುರುವಾಗುತ್ತವೆ. ಈ ಒಲೆ ಅದಕ್ಕಿಂತ ಒಂದೂವರೆ ಶತಮಾನ ಹಳೆಯದು. ಇನ್ನೂ ಸೋಜಿಗ ಏನ್ ಗೊತ್ತಾ? ಆಗ ಎಲ್ಲರೂ ಒಪ್ಪಿದ ಡಿಗ್ರಿಯ ಲೆಕ್ಕವೇ ಇರಲಿಲ್ಲ. ಸೆಲ್ಸಿಯಸ್ ತನ್ನ ಅಳತೆಪಟ್ಟಿ ಕೊಟ್ಟಿದ್ದು 1742ರಲ್ಲಿ, ಡ್ರೆಬೆಲ್ ಸತ್ತು 109 ವರ್ಷ ಆದಮೇಲೆ. ಅಂದರೆ ಎಷ್ಟು ಬಿಸಿ ಅಂತ ಎಲ್ಲರೂ ಒಪ್ಪುವ ಸಂಖ್ಯೆಯಲ್ಲಿ ಹೇಳಲಾಗದ ಕಾಲದಲ್ಲಿ ಆತ ಬಿಸಿಯನ್ನು ಹಿಡಿದು ನಿಲ್ಲಿಸಿದ್ದ.

ಆದರೆ ಆ ಒಲೆ ಮೊಟ್ಟೆಗೂ ಮೂಸೆಗೂ ಹೋಯಿತು, ಬಣ್ಣ ಕಡಾಯಿಗೆ ಹೋಯಿತು. ಬಣ್ಣದ ಮನೆಯಲ್ಲಿ ಕಾವು ನೋಡುತ್ತಿದ್ದುದು ಕೆಲಸಗಾರನ ಅಂಗೈ ಮತ್ತು ನೀರಿನ ಗುಳ್ಳೆ. ಒಂದೇ ತಲೆಯಲ್ಲಿದ್ದ ಎರಡು ವಿದ್ಯೆಗಳು ಬಟ್ಟೆಯ ಕಾರ್ಖಾನೆಯಲ್ಲಿ ಭೇಟಿಯಾಗಲು ಇನ್ನೂರು ವರ್ಷ ಬೇಕಾಯಿತು. 1830ರಲ್ಲಿ ಗಿರಣಿಗಳನ್ನು ಚೆನ್ನಾಗಿ ಬಲ್ಲ ಆಂಡ್ರ್ಯೂ ಯೂರ್ ಎಂಬ ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ, ಎರಡು ಲೋಹದ ಪಟ್ಟಿ ಬೆಸೆದು ಬಿಸಿಗೆ ಬಾಗುವ ಸಾಧನಕ್ಕೆ ಪೇಟೆಂಟ್ ಪಡೆದ. ಥರ್ಮೋಸ್ಟಾಟ್ ಎಂಬ ಹೆಸರು ಅಲ್ಲಿಂದ ಬಂತು. ಇವತ್ತಿನ ಡೈಯಿಂಗ್ ಯಂತ್ರದಲ್ಲಿ ಪಾದರಸದ ಜಾಗಕ್ಕೆ ಪ್ಲಾಟಿನಂ ತಂತಿಯ ಸೆನ್ಸರ್ ಬಂದಿದೆ, ಮುಚ್ಚಳದ ಜಾಗಕ್ಕೆ ಉಗಿಯ ವಾಲ್ವ್, ತಿರುಪಿನ ಜಾಗಕ್ಕೆ ನಿಮಿಷ ನಿಮಿಷಕ್ಕೂ ಗುರಿ ಬದಲಿಸುವ ಪ್ರೋಗ್ರಾಂ. ಆ ಪ್ರೋಗ್ರಾಮಿಗೇ ನಾವು 4 ಅಂತ ಒತ್ತಿದ್ದು.

ಡ್ರೆಬೆಲ್‌ನ ಕೊನೆಯ ವರ್ಷಗಳು ಚೆನ್ನಾಗಿರಲಿಲ್ಲ. 1627ರಲ್ಲಿ ಫ್ರಾನ್ಸಿನ ಲಾ ರೋಶೆಲ್ ಮುತ್ತಿಗೆಯ ಹೊತ್ತಿಗೆ ನೌಕಾಪಡೆಗೆ ನೀರಿನಲ್ಲಿ ಸಿಡಿಯುವ ಮದ್ದು ಮಾಡಿಕೊಡಲು ಸೇರಿದ. ದಂಡಯಾತ್ರೆ ಸೋತಿತು, ಸರ್ಕಾರದ ಕೆಲಸ ನಿಂತಿತು. ದೊರೆಗಳಿಗೆ ಯಂತ್ರ ತೋರಿಸಿದವನು ಲಂಡನ್ನಿನಲ್ಲಿ ಬಿಯರ್ ಅಂಗಡಿ ನಡೆಸಿ ಹೊಟ್ಟೆ ಹೊರೆದ. 1633ರಲ್ಲಿ, 61ನೇ ವಯಸ್ಸಿನಲ್ಲಿ ತೀರಿಕೊಂಡ. ಒಲೆಯ ಬಗ್ಗೆ ಆತ ಪುಸ್ತಕ ಬರೆದಿಡಲಿಲ್ಲ. ಕೆಂಪು ಬಣ್ಣದ ಗುಟ್ಟು ಮಾತ್ರ ಅಳಿಯಂದಿರಾದ ಕುಫ್ಲರ್ ಸಹೋದರರ ಕೈಗೆ ಬಂತು. ಅವರು 1643ರಲ್ಲಿ ಪೂರ್ವ ಲಂಡನ್ನಿನ ಬೋ ಎಂಬಲ್ಲಿ ಬಣ್ಣದ ಮನೆ ತೆರೆದರು. ಆ ಕೆಂಪಿಗೆ ಊರಿನ ಹೆಸರೇ ನಿಂತು, ಜನ ಬೋ ಡೈ ಅಂದರು, ಡ್ರೆಬೆಲ್ ಕೆಂಪು ಅನ್ನಲಿಲ್ಲ. ಅಳಿಯಂದಿರ ಮೇಲೆ ನಮಗೆ ಮೊದಲು ಸಿಟ್ಟು ಬಂದಿತ್ತು. ಆಮೇಲೆ ಯೋಚಿಸಿದರೆ, ಒಲೆಯನ್ನೂ ಮುಂದಿನ ತಲೆಮಾರಿಗೆ ತೋರಿಸಿ ಉಳಿಸಿದ್ದು ಅವರೇ. ಗುಟ್ಟು ಗುಟ್ಟಾಗಿಯೇ ಮಣ್ಣಾಗದಂತೆ ನೋಡಿಕೊಂಡವರು.

ಈಸ್ಟರ್ ರಜೆಯಲ್ಲಿ ನಾವು ಎಲ್ಟಮ್‌ಗೆ ಹೋಗಿಬಂದೆವು. ಡ್ರೆಬೆಲ್ ಕಂಡಿರಬಹುದಾದ ಹಳೇ ದೊಡ್ಡ ಸಭಾಂಗಣ ಇನ್ನೂ ನಿಂತಿದೆ. ಅದಕ್ಕೆ ಅಂಟಿಕೊಂಡು 1930ರ ದಶಕದಲ್ಲಿ ಕಟ್ಟಿದ ಬಂಗಲೆ ಇದೆ. ಕಟ್ಟಿಸಿದವರು ರೇಷ್ಮೆ, ರೇಯಾನ್ ಬಟ್ಟೆಯಿಂದ ಸಿರಿವಂತರಾದ ಕೋರ್ಟೋಲ್ಡ್ ಮನೆತನದವರು. ಅವರು ಸಾಕಿದ್ದ ಲೀಮರ್ ಪ್ರಾಣಿಗೆ ಮಹಡಿಯ ಮೇಲೆ ಗೂಡು ಕಟ್ಟಿಸಿ, ಚಳಿ ತಾಗದಂತೆ ಬಿಸಿಯ ವ್ಯವಸ್ಥೆಯನ್ನೂ ಮಾಡಿಸಿದ್ದರು. ಆ ಗೂಡಿನ ಮುಂದೆ ನಾವು ಸಾಕಷ್ಟು ಹೊತ್ತು ನಿಂತಿದ್ದೆವು.