ಲಿಯೋ ಫೆಂಡರ್

ಲಿಯೋ ಫೆಂಡರ್ (ಆಗಸ್ಟ್ ೧೦, ೧೯೦೯ – ಮಾರ್ಚ್ ೨೧, ೧೯೯೧) ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯಾ ರಾಜ್ಯದ ಸಂಗೀತವಾದ್ಯ ತಯಾರಕರು ಮತ್ತು ಸಂಶೋಧಕರು. ಇವರ ಪೂರ್ಣ ಹೆಸರು ಕ್ಲಾರೆನ್ಸ್ ಲಿಯೋನಿಡಾಸ್ ಫೆಂಡರ್. ಟೆಲಿಕಾಸ್ಟರ್ ಮತ್ತು ಸ್ಟ್ರಾಟೋಕಾಸ್ಟರ್ ಎಂಬ ವಿದ್ಯುತ್ ಗಿಟಾರ್‌ಗಳಿಂದ ಇವರ ಹೆಸರು ಜಗತ್ತಿಗೆಲ್ಲ ಪರಿಚಿತವಾಗಿದೆ. ಆದರೆ ಗಿಟಾರ್‌ಗಳಿಗಿಂತ ಮೊದಲು ಇವರು ಕೈಹಾಕಿದ್ದು ಧ್ವನಿಯನ್ನು ಹಿಗ್ಗಿಸುವ ವಾಲ್ವ್ ಆಂಪ್ಲಿಫೈಯರ್‌ಗಳ ತಯಾರಿಕೆಗೆ. ಮನೆಯಲ್ಲಿ ಕುಳಿತು ಅಭ್ಯಾಸ ಮಾಡುವ ವಿದ್ಯಾರ್ಥಿಯಿಂದ ಹಿಡಿದು ಸಾವಿರಾರು ಜನರ ಮುಂದೆ ನುಡಿಸುವ ಕಲಾವಿದನವರೆಗೆ ಎಲ್ಲರಿಗೂ ಒದಗುವ ಆಂಪ್ಲಿಫೈಯರ್‌ಗಳನ್ನು ಇವರ ಸಂಸ್ಥೆ ರೂಪಿಸಿತು. ವಿಶೇಷವೆಂದರೆ ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ.

ಜನನ ಮತ್ತು ಬಾಲ್ಯ

ಫೆಂಡರ್ ಅವರು ೧೯೦೯ರ ಆಗಸ್ಟ್ ೧೦ರಂದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಜನಿಸಿದರು. ತಂದೆ ಕ್ಲಾರೆನ್ಸ್ ಮಾಂಟಿ ಫೆಂಡರ್, ತಾಯಿ ಹ್ಯಾರಿಯೆಟ್ ಎಲ್ವಿರಾ ವುಡ್. ಅನಾಹೈಮ್ ಮತ್ತು ಫುಲ್ಲರ್ಟನ್ ಊರುಗಳ ನಡುವೆ ಈ ಕುಟುಂಬಕ್ಕೆ ಕಿತ್ತಳೆ ತೋಟವಿತ್ತು. ಎಂಟನೆಯ ವಯಸ್ಸಿನಲ್ಲಿ ಗೆಡ್ಡೆಯೊಂದರ ಕಾರಣದಿಂದ ಲಿಯೋ ತಮ್ಮ ಎಡಗಣ್ಣನ್ನು ಕಳೆದುಕೊಂಡರು. ಅದರ ಸ್ಥಾನದಲ್ಲಿ ಗಾಜಿನ ಕಣ್ಣನ್ನು ಅಳವಡಿಸಲಾಯಿತು. ಮುಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಕಡ್ಡಾಯ ಸೇವೆಯಿಂದ ಅವರಿಗೆ ವಿನಾಯಿತಿ ದೊರೆತದ್ದು ಇದೇ ಕಾರಣದಿಂದ.

ಬಾಲ್ಯದಲ್ಲಿ ಅವರು ಪಿಯಾನೋ ಮತ್ತು ಸ್ಯಾಕ್ಸೋಫೋನ್ ಕಲಿತರಾದರೂ ಅವರ ಮನಸ್ಸು ಹೆಚ್ಚಾಗಿ ಒಲಿದದ್ದು ವಿದ್ಯುತ್ ಉಪಕರಣಗಳ ಕಡೆಗೆ. ಅವರ ಬಂಧುವೊಬ್ಬರು ಸಾಂತಾ ಮರಿಯಾ ಎಂಬಲ್ಲಿ ಮೋಟಾರು ವಾಹನಗಳ ವಿದ್ಯುತ್ ದುರಸ್ತಿಯ ಅಂಗಡಿ ನಡೆಸುತ್ತಿದ್ದರು. ಅವರು ಹುಡುಗನಿಗೆ ಬಳಸಿ ಬಿಟ್ಟ ಬಿಡಿಭಾಗಗಳನ್ನೂ ಬ್ಯಾಟರಿಯನ್ನೂ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದರು. ಆ ಅಂಗಡಿಗೆ ಹೋದಾಗ ಬಂಧುವು ತಾವೇ ಕಟ್ಟಿದ್ದ ರೇಡಿಯೋದಿಂದ ಹೊಮ್ಮುತ್ತಿದ್ದ ಗಟ್ಟಿಯಾದ ಸಂಗೀತ ಲಿಯೋ ಅವರನ್ನು ಬೆರಗುಗೊಳಿಸಿತು. ಅಂದಿನಿಂದ ಮನೆಯ ಮೂಲೆಯೊಂದರಲ್ಲಿ ರೇಡಿಯೋಗಳ ದುರಸ್ತಿ ಆರಂಭವಾಯಿತು.

ವಿದ್ಯಾಭ್ಯಾಸ ಮತ್ತು ಆರಂಭಿಕ ವೃತ್ತಿ

೧೯೨೮ರಲ್ಲಿ ಫುಲ್ಲರ್ಟನ್ ಯೂನಿಯನ್ ಪ್ರೌಢಶಾಲೆಯಲ್ಲಿ ಓದು ಮುಗಿಸಿದ ಫೆಂಡರ್ ಫುಲ್ಲರ್ಟನ್ ಜೂನಿಯರ್ ಕಾಲೇಜನ್ನು ಸೇರಿ ಲೆಕ್ಕಶಾಸ್ತ್ರವನ್ನು ಅಭ್ಯಾಸ ಮಾಡಿದರು. ಎಲೆಕ್ಟ್ರಾನಿಕ್ಸ್‌ನಲ್ಲಿ ಅವರು ಯಾವ ಪದವಿಯನ್ನೂ ಪಡೆಯಲಿಲ್ಲ. ಆ ವಿದ್ಯೆಯೆಲ್ಲ ಸ್ವಂತ ಓದು ಮತ್ತು ಕೈಕೆಲಸದಿಂದ ಬಂದದ್ದು. ಮಂಜುಗಡ್ಡೆ ಮತ್ತು ಶೀತಲಗೃಹದ ಕಂಪನಿಯೊಂದರಲ್ಲಿ ಸರಕು ತಲುಪಿಸುವ ಕೆಲಸಕ್ಕೆ ಸೇರಿ, ಬಳಿಕ ಅಲ್ಲಿಯೇ ಲೆಕ್ಕ ಬರೆಯುವವರಾದರು. ಆ ದಿನಗಳಲ್ಲಿ ಸ್ಥಳೀಯ ವಾದ್ಯವೃಂದದ ನಾಯಕರೊಬ್ಬರು ನೃತ್ಯ ಸಭಾಂಗಣಗಳಲ್ಲಿ ಬಳಸಲು ಆರು ಧ್ವನಿವರ್ಧಕ ವ್ಯವಸ್ಥೆಗಳನ್ನು ಅವರಿಂದ ಮಾಡಿಸಿಕೊಂಡರು.

೧೯೩೪ರಲ್ಲಿ ಎಸ್ತರ್ ಕ್ಲಾಸ್ಕಿ ಅವರೊಂದಿಗೆ ವಿವಾಹವಾಯಿತು. ರಾಜ್ಯದ ಹೆದ್ದಾರಿ ಇಲಾಖೆಯಲ್ಲಿಯೂ ಟೈರ್ ಕಂಪನಿಯೊಂದರಲ್ಲಿಯೂ ಲೆಕ್ಕಿಗರಾಗಿ ದುಡಿದ ಫೆಂಡರ್ ಆರ್ಥಿಕ ಮುಗ್ಗಟ್ಟಿನ ಆ ದಶಕದಲ್ಲಿ ಉದ್ಯೋಗವನ್ನು ಕಳೆದುಕೊಂಡರು. ೧೯೩೮ರಲ್ಲಿ ೬೦೦ ಡಾಲರ್ ಸಾಲ ಪಡೆದು ಫುಲ್ಲರ್ಟನ್‌ಗೆ ಮರಳಿ 'ಫೆಂಡರ್ ರೇಡಿಯೋ ಸರ್ವೀಸ್' ಎಂಬ ದುರಸ್ತಿ ಅಂಗಡಿಯನ್ನು ತೆರೆದರು. ಪತಿಯ ಉದ್ಯಮ ನೆಲೆಗೊಳ್ಳುವವರೆಗೆ ಎಸ್ತರ್ ದೂರವಾಣಿ ಸಂಸ್ಥೆಯಲ್ಲಿ ದುಡಿದು ಸಂಸಾರಕ್ಕೆ ಆಸರೆಯಾದರು.

ರೇಡಿಯೋ ದುರಸ್ತಿಯಿಂದ ವಾದ್ಯ ತಯಾರಿಕೆಗೆ

ಅಂಗಡಿಗೆ ರೇಡಿಯೋಗಳ ಜೊತೆಗೆ ಸಂಗೀತಗಾರರ ಆಂಪ್ಲಿಫೈಯರ್‌ಗಳೂ ದುರಸ್ತಿಗೆ ಬರತೊಡಗಿದವು. ಯಾವ ಭಾಗ ಬೇಗ ಸುಡುತ್ತದೆ, ಯಾವ ಬೆಸುಗೆ ಬಿಡುತ್ತದೆ, ಯಾವ ಪೆಟ್ಟಿಗೆ ಪ್ರಯಾಣದಲ್ಲಿ ಒಡೆಯುತ್ತದೆ ಎಂಬುದನ್ನು ಫೆಂಡರ್ ದಿನನಿತ್ಯ ಕಂಡರು. ಈ ಅನುಭವವೇ ಮುಂದೆ ಅವರ ಎಲ್ಲ ವಿನ್ಯಾಸಗಳಿಗೆ ತಳಹದಿಯಾಯಿತು.

ವಾದ್ಯಗಾರರೂ ಸಂಶೋಧಕರೂ ಆಗಿದ್ದ 'ಡಾಕ್' ಕಾಫ್‌ಮನ್ ಅವರೊಡನೆ ಸೇರಿ ೧೯೪೫ರಲ್ಲಿ 'ಕೆ ಅಂಡ್ ಎಫ್' ಎಂಬ ಸಂಸ್ಥೆಯನ್ನು ಫೆಂಡರ್ ಆರಂಭಿಸಿದರು. ತೊಡೆಯ ಮೇಲಿರಿಸಿಕೊಂಡು ನುಡಿಸುವ ಸ್ಟೀಲ್ ಗಿಟಾರ್ ಮತ್ತು ಅದಕ್ಕೆ ಹೊಂದುವ ಚಿಕ್ಕ ಆಂಪ್ಲಿಫೈಯರ್ ಈ ಸಂಸ್ಥೆಯ ತಯಾರಿಕೆಗಳು. ಉದ್ಯಮ ವಿಸ್ತರಿಸಲು ಸಾಲ ಮಾಡಬೇಕಾದೀತೆಂಬ ಅಳುಕಿನಿಂದ ಕಾಫ್‌ಮನ್ ೧೯೪೬ರಲ್ಲಿ ಹೊರನಡೆದರು. ಫೆಂಡರ್ ಒಬ್ಬರೇ ಮುಂದುವರಿದರು. ಸಂಸ್ಥೆಯು 'ಫೆಂಡರ್ ಎಲೆಕ್ಟ್ರಿಕ್ ಇನ್‌ಸ್ಟ್ರುಮೆಂಟ್ ಕಂಪನಿ' ಎಂಬ ಹೆಸರನ್ನು ಪಡೆಯಿತು.

ವಾಲ್ವ್ ಆಂಪ್ಲಿಫೈಯರ್‌ಗಳು

ವಿದ್ಯುತ್ ಗಿಟಾರ್‌ನ ತಂತಿಗಳ ಕೆಳಗೆ ಅಯಸ್ಕಾಂತ ಮತ್ತು ತೆಳುವಾದ ತಾಮ್ರದ ತಂತಿಯ ಸುರುಳಿ ಇರುತ್ತದೆ. ಉಕ್ಕಿನ ತಂತಿ ಕಂಪಿಸಿದಾಗ ಆ ಸುರುಳಿಯಲ್ಲಿ ಅತ್ಯಂತ ಕ್ಷೀಣವಾದ ವಿದ್ಯುತ್ ಸಂಕೇತ ಹುಟ್ಟುತ್ತದೆ. ಅದನ್ನು ಸ್ಪೀಕರ್ ಕಂಪಿಸುವಷ್ಟು ಬಲಗೊಳಿಸುವುದೇ ಆಂಪ್ಲಿಫೈಯರ್‌ನ ಕೆಲಸ. ಟ್ರಾನ್ಸಿಸ್ಟರ್‌ಗಳು ಬಳಕೆಗೆ ಬರುವ ಮೊದಲು ಈ ಕಾರ್ಯವನ್ನು ನಿರ್ವಾತ ನಳಿಕೆಗಳು, ಅಂದರೆ ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಹೊಳೆಯುತ್ತಿದ್ದ ವಾಲ್ವ್‌ಗಳು, ನಿರ್ವಹಿಸುತ್ತಿದ್ದವು. ಚಿಕ್ಕ ವಾಲ್ವ್‌ಗಳು ಮೊದಲ ಹಂತದಲ್ಲಿ ಸಂಕೇತವನ್ನು ಹೆಚ್ಚಿಸಿದರೆ ದೊಡ್ಡ ವಾಲ್ವ್‌ಗಳು ಕೊನೆಯ ಹಂತದಲ್ಲಿ ಟ್ರಾನ್ಸ್‌ಫಾರ್ಮರ್ ಮೂಲಕ ಸ್ಪೀಕರನ್ನು ನಡೆಸುತ್ತವೆ.

ವಾಲ್ವ್ ತಯಾರಕರು ಆಗ ಪ್ರಕಟಿಸುತ್ತಿದ್ದ ಮಾದರಿ ಸರ್ಕ್ಯೂಟ್‌ಗಳನ್ನು ಆಧಾರವಾಗಿರಿಸಿಕೊಂಡು ಫೆಂಡರ್ ತಮ್ಮ ಆಂಪ್ಲಿಫೈಯರ್‌ಗಳನ್ನು ರೂಪಿಸಿದರು. ಅವರ ಹೆಚ್ಚುಗಾರಿಕೆ ಇದ್ದದ್ದು ಜೋಡಣೆಯಲ್ಲಿ. ಬಿಡಿಭಾಗಗಳನ್ನು ಒಂದು ಫಲಕದ ಮೇಲೆ ಸಾಲಾಗಿ ಬೆಸೆಯಲಾಗುತ್ತಿತ್ತು. ಹಿಂಬದಿಯ ಹಲಗೆಯನ್ನು ಬಿಚ್ಚಿದರೆ ಸಾಕು, ಎಲ್ಲವೂ ಕೈಗೆ ಎಟಕುತ್ತಿತ್ತು. ಯಾವ ಸ್ಥಾನದಲ್ಲಿ ಯಾವ ವಾಲ್ವ್ ಇರಬೇಕೆಂಬ ಪಟ್ಟಿಯನ್ನು ಪೆಟ್ಟಿಗೆಯೊಳಗೇ ಅಂಟಿಸಿರುತ್ತಿದ್ದರು. ಇದರಿಂದಾಗಿ ಯಾವುದೇ ಊರಿನ ರೇಡಿಯೋ ದುರಸ್ತಿಗಾರನೂ ಇವುಗಳನ್ನು ಸರಿಪಡಿಸಬಹುದಾಗಿತ್ತು.

೧೯೪೬ರಲ್ಲಿ ಪ್ರಿನ್ಸ್‌ಟನ್, ಡೀಲಕ್ಸ್, ಪ್ರೊಫೆಷನಲ್ ಎಂಬ ಮೂರು ಮಾದರಿಗಳು ಮರದ ಪೆಟ್ಟಿಗೆಗಳಲ್ಲಿ ಹೊರಬಂದವು. ಮುಂದೆ ಮರದ ಮೇಲೆ ಒರಟಾದ ಬಟ್ಟೆಯ ಹೊದಿಕೆ ಬಂದಿತು. 'ಟ್ವೀಡ್' ಎಂದು ಕರೆಯಲ್ಪಡುವ ಈ ಹೊದಿಕೆಯ ಆಂಪ್ಲಿಫೈಯರ್‌ಗಳು ಇಂದು ಸಂಗ್ರಾಹಕರ ಪಾಲಿಗೆ ಬಹು ಅಮೂಲ್ಯವಾಗಿವೆ.

ಮನೆಯ ಅಭ್ಯಾಸಕ್ಕೆ ಒದಗಿದ ಮಾದರಿಗಳು

ಕಲಿಯುವವರಿಗಾಗಿಯೇ ಫೆಂಡರ್ ಅವರು ೧೯೪೮ರಲ್ಲಿ 'ಚಾಂಪಿಯನ್ ೮೦೦' ಎಂಬ ಚಿಕ್ಕ ಆಂಪ್ಲಿಫೈಯರ್ ತಂದರು. ಅದರಲ್ಲಿ ೮ ಅಂಗುಲದ ಸ್ಪೀಕರ್ ಇತ್ತು. ಬಳಿಕ ೬ ಅಂಗುಲದ ಸ್ಪೀಕರ್ ಉಳ್ಳ 'ಚಾಂಪಿಯನ್ ೬೦೦' ಬಂದಿತು. ಇದನ್ನು ವಿದ್ಯಾರ್ಥಿಗಳ ಸ್ಟೀಲ್ ಗಿಟಾರ್‌ನೊಂದಿಗೆ ಜೋಡಿಯಾಗಿಯೂ ಮಾರಲಾಗುತ್ತಿತ್ತು. ಇದೇ ವಂಶದ 'ಚಾಂಪ್' ಮಾದರಿಯು ಕೊನೆಯ ಹಂತದಲ್ಲಿ '೬ವಿ೬' ಎಂಬ ಒಂದೇ ವಾಲ್ವ್ ಹೊಂದಿದ್ದು, ಸುಮಾರು ೫ ವ್ಯಾಟ್ ಸಾಮರ್ಥ್ಯದ್ದಾಗಿತ್ತು. ೧೯೫೦ರ ದಶಕದ ಚಾಂಪ್‌ನಲ್ಲಿ ತಿರುಗಿಸಲು ಇದ್ದದ್ದು ಧ್ವನಿಯ ಪ್ರಮಾಣದ ಒಂದೇ ಗುಂಡಿ.

೫ ವ್ಯಾಟ್ ಎಂಬುದು ಕೇಳಲು ಅಲ್ಪವೆನಿಸಿದರೂ ಮನೆಯ ಕೋಣೆಯೊಂದನ್ನು ತುಂಬಲು ಅದು ಧಾರಾಳವಾಗಿ ಸಾಕು. ಸಾಮರ್ಥ್ಯವನ್ನು ಹತ್ತು ಪಟ್ಟು ಹೆಚ್ಚಿಸಿದರೂ ಕಿವಿಗೆ ಧ್ವನಿಯು ಸುಮಾರು ಎರಡು ಪಟ್ಟು ಮಾತ್ರ ಜೋರಾಗಿ ಕೇಳುತ್ತದೆ. ಆದ್ದರಿಂದ ೫೦ ವ್ಯಾಟ್‌ನ ಆಂಪ್ಲಿಫೈಯರ್ ೫ ವ್ಯಾಟ್‌ನದಕ್ಕಿಂತ ಹತ್ತು ಪಟ್ಟು ಜೋರು ಎಂಬ ತಿಳಿವಳಿಕೆ ಸರಿಯಲ್ಲ.

ವಾಲ್ವ್‌ಗಳಿಗೆ ಇನ್ನೊಂದು ಗುಣವಿದೆ. ಮಿತಿ ಮೀರಿ ದುಡಿಸಿದಾಗ ಅವು ಸಂಕೇತದ ಅಲೆಗಳ ತುದಿಗಳನ್ನು ಮೊಟಕುಗೊಳಿಸುತ್ತವೆ, ನಾದವು ಒರಟಾಗಿ, ದಟ್ಟವಾಗಿ ಕೇಳುತ್ತದೆ. ಫೆಂಡರ್ ಇದನ್ನು ದೋಷವೆಂದೇ ಪರಿಗಣಿಸಿದ್ದರು. ಎಷ್ಟು ಜೋರಾದರೂ ಕೆಡದ ನಿರ್ಮಲ ನಾದವೇ ಅವರ ಗುರಿಯಾಗಿತ್ತು. ಆದರೆ ಬ್ಲೂಸ್ ಮತ್ತು ರಾಕ್ ಸಂಗೀತಗಾರರು ಆ ಒರಟು ನಾದವನ್ನೇ ಮೆಚ್ಚಿದರು. ದೊಡ್ಡ ಆಂಪ್ಲಿಫೈಯರ್‌ನಿಂದ ಅದನ್ನು ಪಡೆಯಲು ಕಿವಿ ಗಡಚಿಕ್ಕುವಷ್ಟು ಜೋರು ಬೇಕಾಗುತ್ತದೆ. ಚಿಕ್ಕದರಿಂದ ಕಡಿಮೆ ಜೋರಿನಲ್ಲಿಯೇ ಅದು ದೊರೆಯುತ್ತದೆ. ಹೀಗಾಗಿ ವಿದ್ಯಾರ್ಥಿಗಳಿಗೆಂದು ಹುಟ್ಟಿದ ಚಾಂಪ್ ಧ್ವನಿಮುದ್ರಣ ಕೇಂದ್ರಗಳನ್ನೂ ಪ್ರವೇಶಿಸಿತು. ಎರಿಕ್ ಕ್ಲ್ಯಾಪ್ಟನ್ ೧೯೭೦ರ 'ಲೈಲಾ' ಧ್ವನಿಸಂಪುಟದಲ್ಲಿ ಇದನ್ನು ಬಳಸಿದ್ದಾರೆ.

ಚಾಂಪ್‌ಗಿಂತ ಹೆಚ್ಚು ಬಗೆಯ ನಾದ ಬೇಕೆನ್ನುವವರಿಗೆ ೧೯೬೦ರ ದಶಕದ ಎರಡು ಮಾದರಿಗಳು ಒದಗಿದವು. ೧೯೬೩ರ 'ಡೀಲಕ್ಸ್ ರಿವರ್ಬ್' ೧೨ ಅಂಗುಲದ ಸ್ಪೀಕರ್ ಮತ್ತು ಸುಮಾರು ೨೨ ವ್ಯಾಟ್ ಸಾಮರ್ಥ್ಯ ಹೊಂದಿದೆ. ೧೯೬೪ರ 'ಪ್ರಿನ್ಸ್‌ಟನ್ ರಿವರ್ಬ್' ೧೦ ಅಂಗುಲದ ಸ್ಪೀಕರ್ ಮತ್ತು ಸುಮಾರು ೧೨ ವ್ಯಾಟ್‌ನದು. ಎರಡರಲ್ಲಿಯೂ ಮಂದ್ರ ಮತ್ತು ತಾರ ನಾದಗಳನ್ನು ಪ್ರತ್ಯೇಕವಾಗಿ ಹೊಂದಿಸುವ ಗುಂಡಿಗಳಿವೆ. ಧ್ವನಿಯನ್ನು ಅಲೆಯಲೆಯಾಗಿ ಏರಿಳಿಸುವ ವ್ಯವಸ್ಥೆಯೂ, ದೊಡ್ಡ ಸಭಾಂಗಣದಲ್ಲಿ ನುಡಿಸಿದಂತೆ ಮಾರ್ದನಿಯನ್ನು ಮೂಡಿಸುವ ರಿವರ್ಬ್ ಸೌಲಭ್ಯವೂ ಇವೆ. ರಿವರ್ಬ್‌ನ ಮಾರ್ದನಿ ಹುಟ್ಟುವುದು ಪೆಟ್ಟಿಗೆಯ ತಳದಲ್ಲಿರುವ ಉದ್ದನೆಯ ಸ್ಪ್ರಿಂಗ್‌ಗಳಿಂದ. ಮನೆಯಲ್ಲಿ ಅಭ್ಯಾಸ ಮಾಡುವವರಿಗೂ ಚಿಕ್ಕ ಸಭೆಗಳಲ್ಲಿ ನುಡಿಸುವವರಿಗೂ ಒಂದೇ ಆಂಪ್ಲಿಫೈಯರ್ ಸಾಕೆನಿಸುವಂತೆ ಇವು ರೂಪುಗೊಂಡಿದ್ದವು.

ವೇದಿಕೆಯ ಆಂಪ್ಲಿಫೈಯರ್‌ಗಳು

೧೯೫೨ರಲ್ಲಿ 'ಬೇಸ್‌ಮನ್' ಮತ್ತು 'ಟ್ವಿನ್' ಮಾದರಿಗಳು ಬಂದವು. ಬೇಸ್ ಗಿಟಾರ್‌ಗೆಂದು ಮಾಡಿದ ಬೇಸ್‌ಮನ್ ಮುಂದೆ ೧೦ ಅಂಗುಲದ ನಾಲ್ಕು ಸ್ಪೀಕರ್‌ಗಳನ್ನು ಪಡೆದು ಗಿಟಾರ್ ವಾದಕರಿಗೆ ಹೆಚ್ಚು ಪ್ರಿಯವಾಯಿತು. ಇಂಗ್ಲೆಂಡಿನ ಜಿಮ್ ಮಾರ್ಷಲ್ ೧೯೬೦ರ ದಶಕದ ಆರಂಭದಲ್ಲಿ ತಮ್ಮ ಮೊದಲ ಆಂಪ್ಲಿಫೈಯರ್ ತಯಾರಿಸಿದಾಗ ಮಾದರಿಯಾಗಿ ತೆಗೆದುಕೊಂಡದ್ದು ಇದರ ಸರ್ಕ್ಯೂಟನ್ನೇ.

ಅತಿ ಜೋರಾಗಿ ನುಡಿಸುತ್ತಿದ್ದ ಡಿಕ್ ಡೇಲ್ ಎಂಬ ಗಿಟಾರ್ ವಾದಕರು ಫೆಂಡರ್ ಕೊಟ್ಟ ಸ್ಪೀಕರ್‌ಗಳನ್ನು ಒಂದಾದ ಮೇಲೊಂದರಂತೆ ಹಾಳುಮಾಡುತ್ತಿದ್ದರು. ಅವರ ಕಾರ್ಯಕ್ರಮದ ಅನುಭವವನ್ನು ಆಧರಿಸಿ 'ಶೋಮನ್' ಎಂಬ ಬಲಿಷ್ಠ ಆಂಪ್ಲಿಫೈಯರ್ ರೂಪುಗೊಂಡಿತು.

ಗಿಟಾರ್‌ಗಳು

ಟೊಳ್ಳು ಒಡಲಿನ ಗಿಟಾರನ್ನು ಆಂಪ್ಲಿಫೈಯರ್‌ಗೆ ಜೋಡಿಸಿದರೆ ಧ್ವನಿ ಏರಿದಂತೆ ಕೀರಲು ಶಬ್ದ ಹೊಮ್ಮುತ್ತಿತ್ತು. ಘನ ಮರದ ಒಡಲಿನ ಗಿಟಾರ್ ಇದಕ್ಕೆ ಪರಿಹಾರವಾಯಿತು. ೧೯೫೦ರಲ್ಲಿ ಬಂದ 'ಬ್ರಾಡ್‌ಕಾಸ್ಟರ್' ಗಿಟಾರ್, ಅದೇ ಉಚ್ಚಾರದ ಹೆಸರನ್ನು ತನ್ನ ಡ್ರಮ್‌ಗಳಿಗೆ ಬಳಸುತ್ತಿದ್ದ ಗ್ರೆಚ್ ಕಂಪನಿಯ ಆಕ್ಷೇಪಣೆಯಿಂದಾಗಿ ೧೯೫೧ರಲ್ಲಿ 'ಟೆಲಿಕಾಸ್ಟರ್' ಆಯಿತು. ಅದರ ಕತ್ತನ್ನು ಒಡಲಿಗೆ ಅಂಟಿಸದೆ ತಿರುಪುಗಳಿಂದ ಬಿಗಿಯಲಾಗಿತ್ತು. ಕೆಟ್ಟರೆ ಬಿಚ್ಚಿ ಬದಲಿಸಬಹುದಾಗಿತ್ತು. ದುರಸ್ತಿಗಾರನ ದೃಷ್ಟಿ ಇಲ್ಲಿಯೂ ಎದ್ದು ಕಾಣುತ್ತದೆ.

೧೯೫೧ರಲ್ಲಿಯೇ 'ಪ್ರಿಸಿಷನ್ ಬೇಸ್' ಬಂದಿತು. ಆಳೆತ್ತರದ ಡಬಲ್ ಬೇಸ್ ವಾದ್ಯವನ್ನು ಊರಿಂದೂರಿಗೆ ಹೊತ್ತೊಯ್ಯುತ್ತಿದ್ದ ವಾದಕರಿಗೆ ಇದರಿಂದ ಬಿಡುಗಡೆ ದೊರೆಯಿತು. ೧೯೫೪ರಲ್ಲಿ ಫ್ರೆಡ್ಡಿ ತವಾರೆಸ್ ಮೊದಲಾದವರ ನೆರವಿನಿಂದ 'ಸ್ಟ್ರಾಟೋಕಾಸ್ಟರ್' ಹೊರಬಂದಿತು.

ಕಾರ್ಯವಿಧಾನ

ತಾವು ಗಿಟಾರ್ ನುಡಿಸದ ಕಾರಣ ಫೆಂಡರ್ ನುಡಿಸುವವರ ಮಾತನ್ನೇ ನೆಚ್ಚಿದರು. ಹೊಸ ಮಾದರಿಗಳನ್ನು ಸುತ್ತಲಿನ ವೃತ್ತಿಪರ ವಾದಕರಿಗೆ ಕೊಟ್ಟು, ಅವರು ಹೇಳಿದ ಕುಂದುಕೊರತೆಗಳನ್ನು ಸರಿಪಡಿಸಿ, ಮತ್ತೆ ಕೊಡುವುದು ಅವರ ಪದ್ಧತಿ. ಮಾರಾಟದ ಹೊಣೆಯನ್ನು ಡಾನ್ ರಾಂಡಾಲ್, ಕಾರ್ಖಾನೆಯ ಆಡಳಿತವನ್ನು ಫಾರೆಸ್ಟ್ ವೈಟ್ ವಹಿಸಿಕೊಂಡರು. ಫೆಂಡರ್ ತಮ್ಮ ಪ್ರಯೋಗದ ಮೇಜನ್ನು ಬಿಟ್ಟು ಕದಲುತ್ತಿದ್ದುದು ಕಡಿಮೆ.

ಸಂಸ್ಥೆಯ ಮಾರಾಟ ಮತ್ತು ನಂತರದ ವರ್ಷಗಳು

ದೀರ್ಘಕಾಲದ ಸೋಂಕಿನಿಂದ ಬಳಲುತ್ತಿದ್ದ ಫೆಂಡರ್ ತಾವು ಹೆಚ್ಚು ಕಾಲ ಬದುಕುವುದಿಲ್ಲವೆಂದು ಭಾವಿಸಿ ಸಂಸ್ಥೆಯನ್ನು ಮಾರಲು ನಿರ್ಧರಿಸಿದರು. ೧೯೬೫ರ ಜನವರಿಯಲ್ಲಿ ಸಿಬಿಎಸ್ ಸಂಸ್ಥೆಯು ಅದನ್ನು ೧೩೦ ಲಕ್ಷ ಡಾಲರ್‌ಗಳಿಗೆ ಕೊಂಡಿತು. ಮಾರಾಟದ ನಂತರ ಬೇರೆ ವೈದ್ಯರ ಚಿಕಿತ್ಸೆಯಿಂದ ಅವರು ಗುಣಮುಖರಾದರು. ಆದರೆ ಅವರ ಹೆಸರು ಆಗಲೇ ಪರರ ಸ್ವತ್ತಾಗಿತ್ತು. ತಾವು ಮುಂದೆ ಮಾಡಿದ ಯಾವ ವಾದ್ಯಕ್ಕೂ 'ಫೆಂಡರ್' ಎಂಬ ಹೆಸರಿಡಲು ಅವರಿಗೆ ಸಾಧ್ಯವಾಗಲಿಲ್ಲ.

ಸ್ಪರ್ಧಿಸಬಾರದೆಂಬ ಕರಾರಿನ ಅವಧಿ ಮುಗಿದ ಬಳಿಕ, ಹಳೆಯ ಸಹೋದ್ಯೋಗಿಗಳು ಸ್ಥಾಪಿಸಿದ್ದ 'ಮ್ಯೂಸಿಕ್ ಮ್ಯಾನ್' ಸಂಸ್ಥೆಗೆ ೧೯೭೫ರಲ್ಲಿ ಅವರು ಅಧ್ಯಕ್ಷರಾದರು. ೧೯೭೬ರ 'ಸ್ಟಿಂಗ್‌ರೇ' ಬೇಸ್ ಗಿಟಾರ್ ಆ ಕಾಲದ ಕೊಡುಗೆ. ಈ ಸಂಸ್ಥೆಯ ಆಂಪ್ಲಿಫೈಯರ್‌ಗಳ ಮೊದಲ ಹಂತದಲ್ಲಿ ಟ್ರಾನ್ಸಿಸ್ಟರ್ ಯುಗದ ಬಿಡಿಭಾಗಗಳೂ ಕೊನೆಯ ಹಂತದಲ್ಲಿ ವಾಲ್ವ್‌ಗಳೂ ಇದ್ದವು. ಅನಂತರ ಜಾರ್ಜ್ ಫುಲ್ಲರ್ಟನ್ ಅವರೊಡನೆ 'ಜಿ ಅಂಡ್ ಎಲ್' ಸಂಸ್ಥೆಯನ್ನು ಕಟ್ಟಿದರು. ಸಂಸ್ಥೆಯ ಹೆಸರು ಜಾರ್ಜ್ ಮತ್ತು ಲಿಯೋ ಎಂಬುದರ ಸಂಕ್ಷೇಪ.

ವೈಯಕ್ತಿಕ ಜೀವನ ಮತ್ತು ನಿಧನ

ಪತ್ನಿ ಎಸ್ತರ್ ೧೯೭೯ರಲ್ಲಿ ಕ್ಯಾನ್ಸರ್‌ನಿಂದ ನಿಧನರಾದರು. ೧೯೮೦ರಲ್ಲಿ ಫೆಂಡರ್ ಅವರು ಫಿಲಿಸ್ ಅವರನ್ನು ವಿವಾಹವಾದರು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಬಾಧಿಸಿದರೂ ಕೆಲಸವನ್ನು ಬಿಡಲಿಲ್ಲ. ೧೯೯೧ರ ಮಾರ್ಚ್ ೨೧ರಂದು ೮೧ನೆಯ ವಯಸ್ಸಿನಲ್ಲಿ ಫುಲ್ಲರ್ಟನ್‌ನಲ್ಲಿ ನಿಧನರಾದರು. ಅವರ ಸಮಾಧಿ ಸಾಂತಾ ಆನಾದ ಫೇರ್‌ಹೇವನ್ ಸ್ಮಶಾನದಲ್ಲಿದೆ.

ಗೌರವ ಮತ್ತು ಪ್ರಭಾವ

೧೯೯೨ರಲ್ಲಿ 'ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್' ಇವರನ್ನು ಮರಣೋತ್ತರವಾಗಿ ಸೇರಿಸಿಕೊಂಡಿತು. ೨೦೦೯ರಲ್ಲಿ ಮರಣೋತ್ತರವಾಗಿ ತಾಂತ್ರಿಕ ಗ್ರ್ಯಾಮಿ ಗೌರವ ಸಂದಿತು.

ರೇಡಿಯೋ ಮತ್ತು ದೂರದರ್ಶನಗಳಿಂದ ವಾಲ್ವ್‌ಗಳು ಮರೆಯಾಗಿ ದಶಕಗಳೇ ಕಳೆದಿವೆ. ಆದರೆ ಗಿಟಾರ್ ಆಂಪ್ಲಿಫೈಯರ್‌ಗಳಲ್ಲಿ ಅವು ಇಂದಿಗೂ ಬಳಕೆಯಲ್ಲಿವೆ. ಚಾಂಪ್, ಪ್ರಿನ್ಸ್‌ಟನ್ ಮತ್ತು ಡೀಲಕ್ಸ್ ಸರ್ಕ್ಯೂಟ್‌ಗಳನ್ನು ಅನುಸರಿಸಿದ ಆಂಪ್ಲಿಫೈಯರ್‌ಗಳನ್ನು ಅನೇಕ ತಯಾರಕರು ಮಾರುತ್ತಿದ್ದಾರೆ. ಸರ್ಕ್ಯೂಟ್ ಸರಳವಾಗಿರುವುದರಿಂದ ಹವ್ಯಾಸಿಗಳು ಚಾಂಪ್ ಮಾದರಿಯನ್ನು ಮನೆಯಲ್ಲಿಯೇ ಕಟ್ಟುವುದೂ ಉಂಟು. ಆದರೆ ಇವುಗಳೊಳಗೆ ನೂರಾರು ವೋಲ್ಟ್‌ಗಳ ವಿದ್ಯುತ್ತು ಹರಿಯುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದಾದ್ದರಿಂದ ತಿಳಿದವರ ಮಾರ್ಗದರ್ಶನವಿಲ್ಲದೆ ಬಿಚ್ಚುವುದು ಅಪಾಯಕರ. ೧೯೬೫ಕ್ಕೂ ಹಿಂದೆ ಫುಲ್ಲರ್ಟನ್‌ನಲ್ಲಿ ತಯಾರಾದ ಅನೇಕ ಆಂಪ್ಲಿಫೈಯರ್‌ಗಳು ವಾಲ್ವ್ ಮತ್ತು ಕೆಪಾಸಿಟರ್‌ಗಳನ್ನು ಬದಲಿಸಿಕೊಳ್ಳುತ್ತ ಇಂದಿಗೂ ನಾದ ನೀಡುತ್ತಿವೆ.