ಮೊಜಾರ್ಟರ ದಾಂಪತ್ಯವೂ ಊರ ಬಾಯಿಯೂ

ಪರಮಪ್ರಸಾದದ ಆರಾಧನೆಯಲ್ಲಿ ಗಾಯನವೃಂದದವರು ಹಾಡುವ ‘ಆವೆ ವೇರುಮ್’ ಗೀತೆಯನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಅದಕ್ಕೆ ಮೊಜಾರ್ಟರು ರಾಗ ಕೂಡಿಸಿದ್ದು 1791ರ ಜೂನ್ ತಿಂಗಳಲ್ಲಿ, ವಿಯೆನ್ನಾದ ಸಮೀಪದ ಬಾಡೆನ್ ಪಟ್ಟಣದಲ್ಲಿ, ಅಲ್ಲಿನ ಗಾಯನವೃಂದವನ್ನು ನಡೆಸುತ್ತಿದ್ದ ಗೆಳೆಯ ಆಂಟನ್ ಸ್ಟೋಲ್ ಅವರಿಗಾಗಿ. ಅದೇ ಬಾಡೆನ್‌ನ ಹೆಸರು ಮೊಜಾರ್ಟರ ಪತ್ನಿಯ ಶೀಲದ ಕುರಿತ ಗಾಳಿಮಾತಿಗೂ ಅಂಟಿಕೊಂಡಿದೆ.

1756ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಜನಿಸಿದ ಮೊಜಾರ್ಟರು 1782ರ ಆಗಸ್ಟ್ 4ರಂದು ವಿಯೆನ್ನಾದ ಸಂತ ಸ್ತೇಫಾನರ ಪ್ರಧಾನಾಲಯದಲ್ಲಿ ಕಾನ್‌ಸ್ಟಾಂಜೆ ವೇಬರ್ ಅವರನ್ನು ವಿವಾಹವಾದರು. ತಂದೆ ಲಿಯೊಪೋಲ್ಡರಿಗೆ ಈ ಸಂಬಂಧ ಮನಸ್ಸಿರಲಿಲ್ಲ. ಒಂಬತ್ತು ವರ್ಷಗಳ ದಾಂಪತ್ಯದಲ್ಲಿ ಆರು ಮಕ್ಕಳು ಹುಟ್ಟಿದರು. ನಾಲ್ವರು ಹಸುಗೂಸುಗಳಾಗಿದ್ದಾಗಲೇ ತೀರಿಕೊಂಡರು. ಸಾಲದ ಹೊರೆ ಬೇರೆ.

1789ರಲ್ಲಿ ಗರ್ಭಿಣಿಯಾಗಿದ್ದ ಕಾನ್‌ಸ್ಟಾಂಜೆ ಕಾಲುಬೇನೆಯ ಚಿಕಿತ್ಸೆಗಾಗಿ ಬಾಡೆನ್‌ನ ಬಿಸಿನೀರಿನ ಬುಗ್ಗೆಗಳಿಗೆ ಹೋದರು. ವಿಯೆನ್ನಾದಲ್ಲಿ ಉಳಿದ ಗಂಡನಿಗೆ, ಆಕೆ ಪರಪುರುಷರೊಡನೆ ಸಲುಗೆಯಿಂದಿರುತ್ತಾಳೆಂಬ ಚಿಂತೆ ಹತ್ತಿತು. ಅವರು ಅದನ್ನು ಸ್ನೇಹಿತರ ಮುಂದೆ ಆಡದೆ ನೇರವಾಗಿ ಆಕೆಗೇ ಬರೆದರು. ಅದೇ ಪತ್ರದಲ್ಲಿ, ತನ್ನ ಬಗ್ಗೆ ವೃಥಾ ಮತ್ಸರಪಟ್ಟು ಇಬ್ಬರನ್ನೂ ನೋಯಿಸಬೇಡವೆಂದೂ ಬೇಡಿಕೊಂಡರು. ಶಂಕೆ ಎರಡೂ ಕಡೆ ಇತ್ತು. ಆ ನವೆಂಬರ್‌ನಲ್ಲಿ ಹುಟ್ಟಿದ ಹೆಣ್ಣುಮಗು ಅದೇ ದಿನ ಕಣ್ಮುಚ್ಚಿತು.

ಕೊನೆಯ ಮಗ ಹುಟ್ಟಿದ್ದು 1791ರ ಜುಲೈ 26ರಂದು. ಹೆಸರು ಫ್ರಾನ್ಸ್ ಕ್ಷೇವಿಯರ್ ವೊಲ್ಫ್‌ಗಾಂಗ್. ಮೊಜಾರ್ಟರ ಸಹಾಯಕ ಸ್ಯೂಸ್‌ಮಾಯರ್ ಅವರದೂ ಅದೇ ಫ್ರಾನ್ಸ್ ಕ್ಷೇವಿಯರ್ ಎಂಬ ಹೆಸರು. ಆ ಬೇಸಿಗೆಯಲ್ಲಿ ಅವರು ಬಾಡೆನ್‌ನಲ್ಲಿ ಕಾನ್‌ಸ್ಟಾಂಜೆಯ ಜೊತೆಗಿದ್ದರು. ಮುಂದೆ ಕಥೆ ಕಟ್ಟುವವರಿಗೆ ಇಷ್ಟು ಸಾಕಾಯಿತು. ಸಂತ ಕ್ಷೇವಿಯರರ ಹೆಸರು ಕಥೋಲಿಕರ ಮನೆಮನೆಯಲ್ಲಿ ಇರುವಂಥದ್ದೆಂದು ಯಾರೂ ನೆನೆಯಲಿಲ್ಲ. ಆ ಬೇಸಿಗೆಯ ಹೊತ್ತಿಗೆ ಆಕೆ ತುಂಬುಗರ್ಭಿಣಿ ಎಂಬುದನ್ನೂ ಮರೆತರು. ಇನ್ನು ಕೆಲವರು ಬೆರಳೆಣಿಸಿದರು: 1790ರ ಶರತ್ಕಾಲದಲ್ಲಿ ಮೊಜಾರ್ಟರು ಫ್ರಾಂಕ್‌ಫರ್ಟ್‌ಗೆ ಹೋಗಿ ನವೆಂಬರ್‌ನಲ್ಲಿ ಮರಳಿದವರು. ಆದರೆ ಮಗು ಕೆಲವು ದಿನ ಮೊದಲೇ ಹುಟ್ಟುವುದು ಎಲ್ಲ ತಾಯಂದಿರಿಗೂ ಗೊತ್ತಿರುವ ಸಂಗತಿ. ಮೊಜಾರ್ಟರ ಎಡಗಿವಿಯ ಆಕಾರ ವಿಚಿತ್ರವಾಗಿತ್ತು. ಈ ಮಗನ ಕಿವಿಯೂ ಹಾಗೆಯೇ ಇತ್ತು.

ಮೊಜಾರ್ಟರನ್ನೂ ಊರ ಬಾಯಿ ಬಿಡಲಿಲ್ಲ. 1791ರ ಡಿಸೆಂಬರ್ 5ರಂದು ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಹೋಫ್‌ಡೆಮೆಲ್ ಎಂಬಾತ ತನ್ನ ಗರ್ಭಿಣಿ ಪತ್ನಿಯನ್ನು ಇರಿದು ತಾನೂ ಸತ್ತ. ಆಕೆ ಮೊಜಾರ್ಟರಲ್ಲಿ ಪಿಯಾನೊ ಕಲಿಯುತ್ತಿದ್ದವಳು. ಅದೊಂದೇ ಎಳೆ ಹಿಡಿದು ಜನ ಅವಳ ಹೆಸರನ್ನು ಸತ್ತ ಗುರುವಿನೊಡನೆ ಸೇರಿಸಿದರು. ಇದಕ್ಕೆ ಇಂದಿಗೂ ಪುರಾವೆ ಇಲ್ಲ.

ಕಾನ್‌ಸ್ಟಾಂಜೆ 29ನೆಯ ವಯಸ್ಸಿಗೇ ವಿಧವೆಯಾದರು. ಕಚೇರಿಗಳನ್ನು ಏರ್ಪಡಿಸಿ, ಗಂಡನ ಕೃತಿಗಳನ್ನು ಪ್ರಕಟಣೆಗೆ ಕೊಟ್ಟು, ಸಾಲ ತೀರಿಸಿ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದರು. 1809ರಲ್ಲಿ ಮರುವಿವಾಹವಾದ ನಿಸೆನ್ ಅವರಿಂದ ಮೊಜಾರ್ಟರ ಜೀವನಚರಿತ್ರೆ ಬರೆಸಿ, ಅವರು ತೀರಿಕೊಂಡ ಮೇಲೆ ಅದನ್ನು ಪ್ರಕಟಿಸಿದರು. ಗಂಡನ ಪತ್ರಗಳಲ್ಲಿ ಕೆಲವು ಹೆಸರುಗಳನ್ನು ಯಾರೋ ಮಸಿ ಬಳಿದು ಅಳಿಸಿದ್ದಾರೆ. ಆದರೆ ತನ್ನನ್ನೇ ಗದರಿಸಿದ ಆ ಪತ್ರವನ್ನು ಆಕೆ ಒಲೆಗೆ ಹಾಕಲಿಲ್ಲ. 1842ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ತೀರಿಕೊಂಡರು. ಪತ್ರಗಳು ಉಳಿದವು.

ಪ್ರಿಯ ವಾಚಕರೇ, ಆ ದಂಪತಿಗಳಲ್ಲಿ ತಪ್ಪೇ ಇರಲಿಲ್ಲವೆಂದು ಹೇಳಲು ನಾನು ಬಂದಿಲ್ಲ. ಅವರ ಅಂತರಂಗ ದೇವರಿಗೆ ಗೊತ್ತು. ಆದರೆ ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆ ನ್ಯಾಯಾಲಯಕ್ಕೆ ಮಾತ್ರ ಸೇರಿದ್ದಲ್ಲ, ಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಾವಾಡುವ ಮಾತಿಗೂ ಸೇರಿದ್ದು. ಸಂಶಯ ಹುಟ್ಟಿದರೆ ಮೊಜಾರ್ಟರಂತೆ ಬಾಳಸಂಗಾತಿಗೇ ಹೇಳಿ. ನೆರೆಮನೆಗೆ ಒಯ್ದರೆ, ಇನ್ನೂರು ವರ್ಷ ಕಳೆದರೂ ಅದು ಮರಳಿ ಮನೆಗೆ ಬಾರದು.