ಮಕ್ಕಳ ಕೈಗೆ ಪುಸ್ತಕವಿತ್ತ ಸತ್ಯಜಿತ್ ರೇ

ಕೋಲ್ಕತ್ತದ ಕಾಳಿಘಾಟ್‌ಗೆ ದೇವಿಯ ದರ್ಶನಕ್ಕೆಂದು ಹೋಗುವ ಕನ್ನಡಿಗರು ಅಲ್ಲಿಗೆ ಹತ್ತಿರದ ಕೇವಡಾತಲಾ ರುದ್ರಭೂಮಿಯ ಕಡೆ ತಿರುಗುವುದು ಕಡಿಮೆ. 1992ರ ಏಪ್ರಿಲ್‌ನಲ್ಲಿ ಖ್ಯಾತ ಚಿತ್ರ ನಿರ್ದೇಶಕ ಸತ್ಯಜಿತ್ ರೇ ಅವರ ಅಂತ್ಯಕ್ರಿಯೆ ನಡೆದದ್ದು ಅಲ್ಲಿಯೇ. ಆಸ್ಕರ್, ಭಾರತರತ್ನಗಳ ವಿಷಯ ಎಲ್ಲರಿಗೂ ಗೊತ್ತು. ಸುಮಾರು ಮೂರು ದಶಕ ಕಾಲ ಅವರು ಮಕ್ಕಳ ಪತ್ರಿಕೆಯೊಂದರ ಸಂಪಾದಕರಾಗಿದ್ದರೆಂಬುದು ಬಂಗಾಳದ ಹೊರಗೆ ಅಷ್ಟಾಗಿ ತಿಳಿದಿಲ್ಲ.

ಪತ್ರಿಕೆಯ ಹೆಸರು ‘ಸಂದೇಶ್’. ಬಂಗಾಳಿಯಲ್ಲಿ ಅದು ಸುದ್ದಿಯೂ ಹೌದು, ಸಿಹಿತಿಂಡಿಯೂ ಹೌದು. 1913ರಲ್ಲಿ ಅದನ್ನು ಆರಂಭಿಸಿದವರು ಸತ್ಯಜಿತ್ ಅವರ ಅಜ್ಜ ಉಪೇಂದ್ರಕಿಶೋರ ರಾಯಚೌಧುರಿ. ನಮ್ಮ ಪಂಜೆ ಮಂಗೇಶರಾಯರ ಹಿರಿಯ ಸಮಕಾಲೀನರಾದ ಇವರು ಕಥೆ ಬರೆದು, ಚಿತ್ರ ರಚಿಸಿ, ಸ್ವಂತ ಮುದ್ರಣಾಲಯದಲ್ಲಿ ಅಚ್ಚು ಹಾಕಿಸುತ್ತಿದ್ದರು. 1915ರಲ್ಲಿ ಅವರು ತೀರಿಕೊಂಡಾಗ ಮಗ ಸುಕುಮಾರ ರೇ ಹೊಣೆ ಹೊತ್ತರು. ಆದರೆ ಕಾಲಾ ಅಜಾರ್ ರೋಗ ಸುಕುಮಾರರನ್ನೂ 1923ರ ಸೆಪ್ಟೆಂಬರ್ 10ರಂದು, 35ನೇ ವಯಸ್ಸಿನಲ್ಲೇ ಬಲಿ ತೆಗೆದುಕೊಂಡಿತು. ಹಾಸಿಗೆಯಲ್ಲಿದ್ದೇ ಅವರು ಸಿದ್ಧಪಡಿಸಿದ್ದ ಮಕ್ಕಳ ಪದ್ಯಗಳ ಸಂಕಲನ ‘ಆಬೋಲ್ ತಾಬೋಲ್’ ಹೊರಬಂದದ್ದು ಕೆಲವೇ ದಿನಗಳ ನಂತರ.

ಆಗ ಸತ್ಯಜಿತ್‌ಗೆ ಎರಡು ವರ್ಷ. ಕ್ರಮೇಣ ಮುದ್ರಣಾಲಯವೂ ಹೋಯಿತು, ಗಡ್‌ಪಾರ್ ರಸ್ತೆಯ ಮನೆಯೂ ಹೋಯಿತು. ತಾಯಿ ಸುಪ್ರಭಾ ಮಗನನ್ನು ಕರೆದುಕೊಂಡು ಕಾಳಿಘಾಟ್‌ಗೆ ಹೊಂದಿಕೊಂಡಿರುವ ಭವಾನಿಪುರದಲ್ಲಿ ತಮ್ಮ ಸಹೋದರನ ಮನೆ ಸೇರಿದರು. ಹುಡುಗನಿಗೆ ತಂದೆಯ ಪರಿಚಯವಾದದ್ದು ಪುಸ್ತಕಗಳ ಮೂಲಕವೇ.

1943ರಲ್ಲಿ ಜಾಹೀರಾತು ಕಂಪನಿ ಸೇರಿದ ಸತ್ಯಜಿತ್, ಡಿ.ಕೆ. ಗುಪ್ತ ಅವರ ಸಿಗ್ನೆಟ್ ಪ್ರೆಸ್‌ಗೆ ಮುಖಪುಟ ಬರೆಯತೊಡಗಿದರು. ವಿಭೂತಿಭೂಷಣರ ‘ಪಥೇರ್ ಪಾಂಚಾಲಿ’ಯ ಮಕ್ಕಳ ಸಂಕ್ಷಿಪ್ತ ಆವೃತ್ತಿಗೆ ಚಿತ್ರ ಬರೆಯುವ ಕೆಲಸವೂ ಬಂತು. 1955ರ ವಿಶ್ವವಿಖ್ಯಾತ ಸಿನಿಮಾದ ಬೀಜ ಆ ಮಕ್ಕಳ ಪುಸ್ತಕದಲ್ಲಿತ್ತು ಎಂದರೆ ತಪ್ಪಾಗಲಾರದು.

ಕೀರ್ತಿ ಉತ್ತುಂಗದಲ್ಲಿದ್ದಾಗಲೇ, 1961ರಲ್ಲಿ, ಕವಿಮಿತ್ರ ಸುಭಾಷ್ ಮುಖೋಪಾಧ್ಯಾಯ ಅವರೊಡಗೂಡಿ ನಿಂತುಹೋಗಿದ್ದ ‘ಸಂದೇಶ್’ ಅನ್ನು ಅವರು ಮತ್ತೆ ಹೊರತಂದರು. ಲಾಭದ ಮಾತಿರಲಿಲ್ಲ, 1963ರಲ್ಲಿ ಅದನ್ನು ಸಹಕಾರ ಸಂಘವೊಂದಕ್ಕೆ ವಹಿಸಲಾಯಿತು. ಅತ್ತೆ ಲೀಲಾ ಮಜುಮ್‌ದಾರ್, ಸೋದರತ್ತೆಯ ಮಗಳು ನಳಿನಿ ದಾಸ್ ಮುಂದೆ ಸಹಸಂಪಾದಕರಾದರು. ಮಕ್ಕಳು ತಾವೇ ಬರೆದು ಕೈ ಪಳಗಿಸಿಕೊಳ್ಳಲೆಂದು ಪ್ರತ್ಯೇಕ ವಿಭಾಗವಿತ್ತು. ಅಜ್ಜನ ‘ಗೂಪಿ ಗಾಯೆನ್’ ಕಥೆಯನ್ನು ಸತ್ಯಜಿತ್ ಹೊಸ ಚಿತ್ರಗಳೊಂದಿಗೆ ಮರುಮುದ್ರಿಸಿದರು. ಮಕ್ಕಳಿಗಾಗಿ ಸಿನಿಮಾ ಮಾಡೆಂದು ಮಗ ಸಂದೀಪ್ ಹಠ ಹಿಡಿದಾಗ ಅದೇ ಕಥೆ 1969ರಲ್ಲಿ ತೆರೆಗೆ ಬಂತು.

ಪತ್ರಿಕೆಯ ಪುಟ ತುಂಬಬೇಕಲ್ಲ! ಅದಕ್ಕಾಗಿಯೇ ಸತ್ಯಜಿತ್ ಕಥೆಗಾರರಾದರು. 1961ರಲ್ಲಿ ವಿಜ್ಞಾನಿ ಪ್ರೊಫೆಸರ್ ಶಂಕು, 1965ರಲ್ಲಿ ಪತ್ತೇದಾರ ಫೆಲುದಾ ಹುಟ್ಟಿದ್ದು ಹೀಗೆ. ಅವರ ದೆವ್ವದ ಕಥೆಯೊಂದು, ‘ಬ್ರೌನ್ ಸಾಹೇಬರ ಮನೆ’, ನಡೆಯುವುದು ನಮ್ಮ ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರಿಗೆ ಖುಷಿಯ ಸಂಗತಿ.

ಕಾಳಿಘಾಟ್ ಪಕ್ಕದ ಲೇಕ್ ಮಾರ್ಕೆಟ್ ದಕ್ಷಿಣ ಭಾರತೀಯರ ಹಳೆಯ ನೆಲೆ. ಬಂಗಾಳಿ ಓದಲು ಬಾರದ ನಮ್ಮ ಮಕ್ಕಳಿಗೂ ಈ ಪುಸ್ತಕಗಳು ದೂರವಲ್ಲ. ಹನ್ನೆರಡು ದಾಟಿದವರು ಗೋಪಾ ಮಜುಮ್‌ದಾರ್ ಅವರ ಇಂಗ್ಲಿಷ್ ಅನುವಾದದಲ್ಲಿ ಫೆಲುದಾ ಕಥೆಗಳನ್ನು ಓದಬಹುದು. ಸುಕುಮಾರರ ತಮಾಷೆಯ ಪದ್ಯಗಳನ್ನು ಸುಕಾಂತ ಚೌಧುರಿ ಇಂಗ್ಲಿಷಿಗೆ ತಂದಿದ್ದಾರೆ. ಚಿಕ್ಕವರಿಗೆ ಗೂಪಿ ಕಥೆಯನ್ನು ದೊಡ್ಡವರು ಕನ್ನಡದಲ್ಲೇ ಹೇಳುವುದು ಒಳ್ಳೆಯದು. ಅದು ಹೇಳುವ ಕಥೆ.

1987ರಲ್ಲಿ, ಸುಕುಮಾರರ ಜನ್ಮಶತಾಬ್ದಿಗೆ, ಸತ್ಯಜಿತ್ ತಂದೆಯ ಬಗ್ಗೆ ಸುಮಾರು ಅರ್ಧ ಗಂಟೆಯ ಸಾಕ್ಷ್ಯಚಿತ್ರ ತೆಗೆದರು. ತಂದೆಯ ನೆನಪು ಅವರಿಗೆ ಇದ್ದದ್ದು ತೀರಾ ಅಲ್ಪ. ಅದರಲ್ಲಿ ಹೆಚ್ಚಾಗಿ ಕಾಣುವುದು ಹಳೆಯ ಛಾಯಾಚಿತ್ರಗಳು, ತಂದೆ ಬರೆದ ಚಿತ್ರಗಳು, ‘ಸಂದೇಶ್’ನ ಪುಟಗಳು.